ಹದಿನಾಲ್ಕು ಚಾವಿಗಳ ಯಜಮಾನ

ನನ್ನ ಲಾರಿಗೆ ನನ್ನನ್ನು ಕಂಡರಾಗದು ಎಂದು ಬಸವಕಲ್ಯಾಣದ ತುಂಬ ಸುದ್ದಿ ಹಬ್ಬಿಸಿದವಳು ಬೇರೆ ಯಾರೂ ಅಲ್ಲ, ನನ್ನ ಧರ್ಮಪತ್ನಿ ಜಯಮಾಲಾ. ತೊಗರಿ ಹೇರಿಕೊಂಡು ಹುಮನಾಬಾದಿನ ಮಾರುಕಟ್ಟೆಗೆ ಹೊರಟರೆ ಲಾರಿ ನಡುದಾರಿಯಲ್ಲಿ ಏಕಾಏಕಿ ಪ್ರಾಣ ಬಿಡುತ್ತದೆ. ಎಂಜಿನ್ ಬಂದ್, ದೀಪ ಬಂದ್, ಹಾರ್ನ್ ಬಂದ್. ನಾನು ಗುದ್ದಿ, ಬೈದು, ಕೊನೆಗೆ ಕೈಮುಗಿದ ಮೇಲೆ ಏನೂ ಆಗಿಲ್ಲವೆಂಬಂತೆ ಎದ್ದು ಕೂಡುತ್ತದೆ. ಅದೇ ಲಾರಿಯನ್ನು ಆಗೀಗ ಬದಲಿ ಡ್ರೈವರಾಗಿ ಬರುವ ಪಕ್ಕದ ಮನೆಯ ಫಿರೋಜ್ ತನ್ನ ಬಳಿಯ ಇನ್ನೊಂದು ಚಾವಿಯಿಂದ ಓಡಿಸಿದರೆ ಗುಂಡಿಬಿದ್ದ ದಾರಿಯಲ್ಲಿ ಮುಡಬಿಗೆ ಹೋಗಿ ಬಂದರೂ ಒಮ್ಮೆ ಕೆಮ್ಮುವುದಿಲ್ಲ!

ಇಲ್ಲಿ ನನ್ನ ಘನತೆಯ ಬಗ್ಗೆ ಒಂದು ಮಾತು. ಎರಡು ತಿಂಗಳ ಹಿಂದೆ ಅವ್ವ ನನ್ನ ತಂಗಿಯ ಬಾಣಂತನಕ್ಕೆಂದು ಚಿಟಗುಪ್ಪಕ್ಕೆ ಹೊರಟಾಗ, ಸೊಂಟದ ಚಾವಿ ಗೊಂಚಲು ಬಿಚ್ಚಿ ನನ್ನ ಕೈಗಿಟ್ಟು "ಸೊಸಿಗಿ ಕೊಡಪಾ" ಎಂದಿದ್ದಳು. ಹದಿನಾಲ್ಕು ಚಾವಿ, ನಡುವೆ ಮುಷ್ಟಿಗಾತ್ರದ ಹಿತ್ತಾಳೆಯ ನಂದಿ. ಟ್ರಂಕು, ಕಾಳಿನ ಕೋಣೆ, ಮತ್ತು ಶೇಂಗಾ ಉಂಡೆಯ ಡಬ್ಬಿ ಇರುವ ಅಲಮಾರಿ. ಡಾಕ್ಟರು ನನಗೆ ಸಕ್ಕರೆ ಕಾಯಿಲೆ ಎಂದ ದಿನದಿಂದ ಜಯಮಾಲಾಳ ಕಣ್ಣು ಆ ಅಲಮಾರಿಯ ಮೇಲೆಯೇ. ಚಾವಿ ಅವಳ ಕೈಸೇರಿದರೆ ಉಂಡೆಯ ಕಥೆ ಮುಗಿದಂತೆ! ಗೊಂಚಲನ್ನು ಲಾರಿಯ ಚಾವಿಗೇ ಸೇರಿಸಿ ರಾಜಗಾಂಭೀರ್ಯದಿಂದ ಓಡಾಡತೊಡಗಿದೆ.

"ಅತ್ತಿ ಚಾವಿ ನನಗ ಕೊಡಂದಿದ್ರಂತಲ್ರಿ?"

"ಈ ಮನಿ ಯಜಮಾನ ಯಾರು? ನಾನು. ನನ್ನ ಹತ್ರನೇ ಇರತಾವ."

"ಯಜಮಾನ್ರ ಮಾತು ಲಾರಿನೂ ಕೇಳವಲ್ದು, ಪಾಪ."

ಹೊಸ ಬ್ಯಾಟರಿ ಹಾಕಿಸಿದೆ. ಫ್ಯೂಜು ಬದಲಿಸಿದೆ. ಸಿಕ್ಕ ಸಿಕ್ಕ ವೈರುಗಳನ್ನೆಲ್ಲ ಎಳೆದು ನೋಡಿದೆ (ಅದರಿಂದ ವೈಪರ್ ಕೆಟ್ಟಿತು, ಅದು ಬೇರೆ ಮಾತು). ಜಯಮಾಲಾ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದಳು. ಲಾರಿ ಮಾತ್ರ ತನ್ನ ಹಟ ಬಿಡಲಿಲ್ಲ.

ಹದಿನೈದು ದಿನದ ಹಿಂದೆ, ಸೋಮವಾರ, ಅವಳೂ ಜೊತೆಗಿದ್ದಳು, ಹುಮನಾಬಾದಿನಿಂದ ಬಸ್ಸು ಹಿಡಿದು ಅವ್ವನನ್ನು ನೋಡಲು ಹೋಗುವವಳು. ಮಾರುಕಟ್ಟೆಯ ಗೇಟಿನ ಮುಂದೆ ಗುಂಡಿಯೊಂದು ಬಂತು, ಲಾರಿ ನಿಂತಿತು. ಹಿಂದೆ ಸಾಲುಗಟ್ಟಿದ ಗಾಡಿಗಳೆಲ್ಲ ನನ್ನ ವಂಶೋದ್ಧಾರ ಶುರುವಿಟ್ಟುಕೊಂಡವು. ಎದುರಿನ ಗ್ಯಾರೇಜಿನ ಕರೀಂ ಚಾಚಾ ನಗುತ್ತಾ ಬಂದು ಒಳಗಿಣುಕಿದರು.

"ಅರೇ ಗುರುಲಿಂಗಣ್ಣ, ಇದು ಚಾವಿನೋ, ತಕ್ಕಡಿ ಕಲ್ಲೋ?"

ಚಾವಿಯಿಂದ ಜೋತಾಡುತ್ತಿದ್ದ ಗೊಂಚಲನ್ನು ಅಂಗೈಯಲ್ಲಿ ಎತ್ತಿ ಹಿಡಿದರು. ದೀಪ ಹತ್ತಿತು. ಕೈಬಿಟ್ಟು ಅಲುಗಾಡಿಸಿದರು. ದೀಪ ಆರಿತು. ಮತ್ತೆ ಎತ್ತಿದರು, ಹತ್ತಿತು. ನನ್ನ ಮುಖದ ದೀಪ ಮಾತ್ರ ಮತ್ತೆ ಹತ್ತಲಿಲ್ಲ.

"ಇಷ್ಟು ವಜನ್ ಜೋತಾಡಿ ಜೋತಾಡಿ ಚಾವಿ ಹಾಕೋ ಸ್ವಿಚ್ಚು ಒಳಗ ಸಡ್ಲಾಗ್ಯದ. ಗಾಡಿ ಕುಣೀತಂದ್ರ ಕರೆಂಟ್ ಬಂದ್. ಹೊಸ ಸ್ವಿಚ್ ಹಾಕ್ತೀನಿ. ಇನ್ಮ್ಯಾಲ ಫಿರೋಜ್ನಂಗ ಒಂದೇ ಚಾವಿ ಇಡ್ರಿ."

"ಉಳಿದವ ಎಲ್ಲಿ ಇಡ್ಲಿ ಚಾಚಾ?"

"ಮನ್ಯಾಗ ಅಕ್ಕಾವ್ರು ಇಲ್ಲೇನು?" ಎಂದರು ಆ ಪುಣ್ಯಾತ್ಮರು, ಏನೂ ಅರಿಯದೆ. ತಿರುಗಿ ನೋಡಿದರೆ ಜಯಮಾಲಾ ಆಗಲೇ ಕೈ ಚಾಚಿದ್ದಳು.

ಅವಳು ಅವ್ವನನ್ನು ನೋಡಿ ಮರಳಿದ ಮರುದಿನವೇ ಉಂಡೆಯ ಡಬ್ಬಿ ಇಡಿಯಾಗಿ ಚಾಚಾರ ಮನೆ ಸೇರಿತು. ನನಗೆ ಅಳುವುದೊಂದು ಬಾಕಿ. ಲಾರಿಯ ಚಾವಿಯಾದರೂ ನನ್ನದಲ್ಲವೇ ಎಂದು ಸಮಾಧಾನ ಮಾಡಿಕೊಂಡೆ. ಆದರೆ ಹೊಸ ಸ್ವಿಚ್ಚಿನ ಆ ಒಂಟಿ ಚಾವಿ (ಫಿರೋಜನ ಹಳೆಯದು ಇದಕ್ಕೆ ಕೂಡದು) ಎಷ್ಟು ಹಗುರವೆಂದರೆ ಮೂರನೇ ದಿನವೇ ಕಾಣೆಯಾಯಿತು. ನಲವತ್ತು ಚೀಲ ತೊಗರಿ ಇಳಿಸಿ ಹುಡುಕಿಸಿದೆ. ಸಿಕ್ಕಿದ್ದು ನನ್ನ ಅಂಗಿಯ ಜೇಬಿನಲ್ಲಿ.

"ಇದೂ ನನ್ನ ಹತ್ರನೇ ಇರ್ಲಿ ಬಿಡ್ರಿ" ಎಂದಳು ಜಯಮಾಲಾ.

ಈಗ ಅದೂ ಅವಳ ಸೊಂಟದಲ್ಲಿದೆ. ಲಾರಿ ಎಲ್ಲೂ ನಿಲ್ಲುವುದಿಲ್ಲ, ನಿಜ. ದಿನಾ ಬೆಳಿಗ್ಗೆ ನಾನೇ ಅಡುಗೆಮನೆಯ ಬಾಗಿಲಲ್ಲಿ ನಿಲ್ಲುತ್ತೇನೆ. ಅವಳು ಲೋಟ ತುಂಬ ಮೆಂತ್ಯದ ನೀರು ಕೊಡುತ್ತಾಳೆ. ಕೊನೆಯ ಗುಟುಕು ಇಳಿಯುವವರೆಗೂ ಗೊಂಚಲಿನಿಂದ ಲಾರಿಯ ಚಾವಿ ಕಳಚುವುದಿಲ್ಲ.