ಯಾನನ ಗಾಳಿಯಂತ್ರ, ನಮ್ಮ ಹುಣಸೆಮರ

ಊರಿನ ವಿಷಯಕ್ಕೆ ಬಂದರೆ ನಾನು ಸ್ವಲ್ಪ ಜಗಳಗಂಟ. ನನ್ನನ್ನು ಬೈದರೆ ನಕ್ಕು ಸುಮ್ಮನಾಗುತ್ತೇನೆ. ಬೆಂಗಳೂರಿನ ನಮ್ಮ ಹಳೇ ಜೋಗುಪಾಳ್ಯವನ್ನು 'ಇಂದಿರಾನಗರದ ಪಕ್ಕದ್ದು' ಎಂದರೆ ಮಾತ್ರ ತಡೆಯಲಾಗುವುದಿಲ್ಲ. ಪಕ್ಕದ್ದು ಆ ಇಂದಿರಾನಗರ ಸ್ವಾಮಿ, ನಿನ್ನೆ ಮೊನ್ನೆ ಬಂದದ್ದು! ಇಂಥ ನನ್ನ ಮನೆಯ ಮಹಡಿಗೆ ಹಾಲೆಂಡಿನ ಯಾನ್ ಬಾಡಿಗೆಗೆ ಬಂದ. ನೂರಡಿ ರಸ್ತೆಯ ಆಫೀಸೊಂದರಲ್ಲಿ ಅವನಿಗೆ ಕೆಲವು ತಿಂಗಳ ಕೆಲಸ. ಆಳು ಬಂಗಾರದಂಥವನು. ಒಂದೇ ತೊಂದರೆ ಎಂದರೆ, ಅವನಿಗೂ ಒಂದು ಊರಿತ್ತು.

ಊರೆಂದರೆ ಒಂದೇ ಬೀದಿ, ಅದೂ ಸಮುದ್ರಕ್ಕಿಂತ ತಗ್ಗಿನಲ್ಲಿ. ಹೆಸರು ಹೇಳಬೇಕಾದರೆ ಗಂಟಲು ಕೆರೆದುಕೊಳ್ಳಬೇಕು. ಬೆಳಗಿನ ಕಾಫಿಗೆ ಇಳಿದು ಬಂದನೆಂದರೆ ಶುರು: ಹಿಂದೊಮ್ಮೆ ನೀರು ನುಗ್ಗಿದಾಗ ಊರವರೆಲ್ಲ ಚರ್ಚಿನ ಗೋಪುರ ಹತ್ತಿ ಉಳಿದದ್ದು, ಆಮೇಲೆ ಮಣ್ಣು ಹೊತ್ತು ಒಡ್ಡು ಕಟ್ಟಿದ್ದು, ನೀರೆತ್ತಲು ಗಾಳಿಯಂತ್ರ ನಿಲ್ಲಿಸಿದ್ದು, ದೋಣಿ ಬಂದರೆ ಮೇಲಕ್ಕೇಳುವ ಮರದ ಸೇತುವೆ, ಚೀಸ್ ತೂಗುತ್ತಿದ್ದ ಹಳೆಯ ಕಟ್ಟಡ. ಎಲ್ಲವೂ ಇವತ್ತಿಗೂ ಹಾಗೇ ನಿಂತಿವೆಯಂತೆ. ಫೋನಿನಲ್ಲಿ ಫೋಟೋ ಬೇರೆ. ಕೇಳಿ ಕೇಳಿ ಸಾಕಾಗಿ ನನ್ನ ಹೆಂಡತಿ ಸರೋಜ, "ರೀ, ನಮ್ಮಲ್ಲೇನೂ ಇಲ್ವಾ? ದಿನಾ ತಲೆ ಆಡಿಸ್ಕೊಂಡು ಕೂತಿರ್ತೀರಲ್ಲ!" ಎಂದಳು. ಜೋಗುಪಾಳ್ಯದ ಮಾನ ನನ್ನ ಕೈಗೆ ಬಂದುಬಿಟ್ಟಿತು.

ಭಾನುವಾರ ಯಾನನನ್ನು ಹೊರಡಿಸಿದೆ. "ಇದು ನಮ್ಮ ಹುಣಸೆಮರ" ಎಂದು ಠೀವಿಯಿಂದ ಕೈ ತೋರಿಸಿದೆ. ಅಲ್ಲಿ ಮೊಬೈಲ್ ಅಂಗಡಿಯಿತ್ತು. "ಇದು ಟೆಂಟ್ ಟಾಕೀಸು." ಅಲ್ಲಿ ಮೂರಂತಸ್ತಿನ ಪಿ.ಜಿ. "ಇದು ಸಿಹಿನೀರಿನ ಬಾವಿ" ಎಂದ ಕಡೆ ಸಾಲಾಗಿ ಸ್ಕೂಟರುಗಳು. ಪಾಪ, ಯಾನ್ ಮರ್ಯಾದಸ್ಥ, ಮೂರಕ್ಕೂ ತಲೆಯಾಡಿಸಿದ. ಇವು ಯಾವುವೂ ಈಗ ಇಲ್ಲವೆಂಬುದು ನನಗೆ ಹೊಳೆದದ್ದೇ ಆಗ. ಇಷ್ಟು ವರ್ಷ ಅವುಗಳ ಹೆಸರಲ್ಲೇ ದಾರಿ ಹೇಳಿ ಹೇಳಿ, ಇವೆ ಎಂದೇ ಅಂದುಕೊಂಡಿದ್ದೆ.

ಸಪ್ಪೆ ಮೋರೆ ಹಾಕಿಕೊಂಡು ಹಲಸೂರು ಕೆರೆಯವರೆಗೂ ಅವನನ್ನು ನಡೆಸಿ, ವಾಪಸಿಗೆ ಆಟೋ ಹಿಡಿದೆ. "ಜೋಗುಪಾಳ್ಯ, ಹುಣಸೆಮರ" ಎಂದೆ. ಆಟೋದವನಿನ್ನೂ ಚಿಕ್ಕ ವಯಸ್ಸಿನವನು. ಗಾಡಿ ಎತ್ತುತ್ತಲೇ, "ಟಾಕೀಸ್ ಕಡೆಯಿಂದ ಹೋಗ್ಲಾ ಸಾರ್, ಬಾವಿ ಕಡೆಯಿಂದ ಹೋಗ್ಲಾ?" ಎಂದ.

ನನಗೆ ಜೀವ ಬಂತು. "ಆ ಮರ ನೋಡಿದೀಯೇನಪ್ಪಾ?"

"ಇಲ್ಲ ಸಾರ್, ನಾನು ಹುಟ್ಟೋಕ್ಮುಂಚೇನೇ ಕಡಿದ್ಬಿಟ್ರಂತೆ. ಆದ್ರೆ ಎಲ್ಲಿದೆ ಅಂತ ಗೊತ್ತು."

ಇದನ್ನು ಯಾನನಿಗೆ ಇಂಗ್ಲಿಷಿನಲ್ಲಿ ಹೇಳುವಾಗ ನನ್ನ ಎದೆ ಆಟೋದಲ್ಲಿ ಹಿಡಿಸಲಿಲ್ಲ. ಅವನು ಬಾಯಿ ಬಿಟ್ಟುಕೊಂಡು ಕೇಳಿದ. ತಮ್ಮ ಗಾಳಿಯಂತ್ರಕ್ಕೆ ಆಗಾಗ ಬಣ್ಣ, ರಿಪೇರಿ ಮಾಡಿಸದಿದ್ದರೆ ಉಳಿಯುವುದಿಲ್ಲ ಎಂದ. ನಮ್ಮ ಮರಕ್ಕೆ ಆ ಖರ್ಚೇ ಇಲ್ಲ ಎಂದೆ.

ಮರುದಿನ ಕಾಫಿಯ ಹೊತ್ತಿಗೆ ಯಾನ್ ಮಂಕಾಗಿದ್ದ. ತಮ್ಮ ಗಾಳಿಯಂತ್ರ ಒಂದು ದಿನ ಬಿದ್ದುಹೋದರೆ ಊರಿಗೆ ಏನುಳಿಯುತ್ತದೆ ಎಂಬ ಚಿಂತೆ ಹತ್ತಿತ್ತು. ಅವನ ಭುಜ ತಟ್ಟಿ, "ಬಿದ್ದರೆ ಬೀಳಲಿ ಬಿಡಿ ಯಾನ್. ಆಮೇಲೆ ಅದನ್ನು ಬೀಳಿಸಲು ಯಾರಿಂದಲೂ ಆಗುವುದಿಲ್ಲ" ಎಂದು ಧೈರ್ಯ ಹೇಳಿದೆ. ಜೋಗುಪಾಳ್ಯದ ಹಿರಿಯನೊಬ್ಬ ಹೇಳಬೇಕಾದ ಮಾತೇ ಅದು ಎನಿಸಿ ನನಗೆ ನನ್ನ ಮೇಲೇ ಗೌರವ ಹುಟ್ಟಿತು.

ಒಳಗಿನಿಂದ ಸರೋಜಳ ದನಿ ಕೇಳಿತು: "ರೀ, ಮಹಡಿ ಗೋಡೆ ಬಿರುಕು ಬಿಟ್ಟು ಎಷ್ಟು ದಿನ ಆಯ್ತು? ಜನ ನಮ್ಮನೆ ಹೆಸರಲ್ಲೂ ದಾರಿ ಹೇಳೋಕೆ ಶುರು ಮಾಡೋಕ್ಮುಂಚೆ ಗಾರೆಯವ್ರನ್ನ ಕರೆಸ್ತೀರಾ?"