ಓಡದ ಕಾರು ಬೇಕಾಗಿದೆ

ಹಳೇ ಕಾರು ಕೊಳ್ಳಲು ಹೋದವರು ಸಾಮಾನ್ಯವಾಗಿ ಅದು ಎಷ್ಟು ಜೋರಾಗಿ ಓಡುತ್ತದೆ, ಲೀಟರಿಗೆ ಎಷ್ಟು ಕೊಡುತ್ತದೆ ಎಂದು ಕೇಳುತ್ತಾರೆ. ನಾನು ಮಾತ್ರ ಮೂರು ತಿಂಗಳು ಪಾಂಡವಪುರ, ನಾಗಮಂಗಲ, ಶ್ರೀರಂಗಪಟ್ಟಣ ಎಂದು ಅಲೆದು ಎಲ್ಲ ಕಡೆಯೂ ಒಂದೇ ಪ್ರಶ್ನೆ ಕೇಳಿದೆ: "ಇದು ನಲವತ್ತರ ಮೇಲೆ ಹೋಗಲ್ಲ ತಾನೇ?" ಹೋಗುತ್ತದೆ ಎಂದವರ ಮನೆಯಲ್ಲಿ ಕಾಫಿಯನ್ನೂ ಕುಡಿಯದೆ ಎದ್ದು ಬಂದೆ. ನನಗೆ ತಲೆ ಕೆಟ್ಟಿದೆ ಎಂದು ನಮ್ಮೂರು ಕೆ.ಆರ್. ಪೇಟೆಯಲ್ಲಿ ಮಾತಾಯಿತು. ಕೆಟ್ಟಿದ್ದು ನಿಜವೇ. ಆದರೆ ಅದು ಕಾರಿನಿಂದ ಕೆಟ್ಟದ್ದಲ್ಲ, ಏಳು ವರ್ಷದ ಹಿಂದೆಯೇ ಕೆಟ್ಟಿತ್ತು.

ನಾನು ಬಸ್‌ಸ್ಟ್ಯಾಂಡಿನಲ್ಲಿ ಕಂಟ್ರೋಲರ್. ಬಾಯಲ್ಲಿ ಸೀಟಿ, ಕಂಕುಳಲ್ಲಿ ರಿಜಿಸ್ಟರು. ಹೊತ್ತಿಗೆ ಸರಿಯಾಗಿ ಬಸ್ಸು ಹೊರಡಿಸುವುದು ನನ್ನ ಕೆಲಸ. "ಎತ್ತು, ಎತ್ತು, ಟೈಮಾಯ್ತು!" ಎಂದು ದಿನಕ್ಕೆ ಎಷ್ಟು ಸಲ ಕೂಗುತ್ತೇನೋ ಲೆಕ್ಕವಿಟ್ಟವರಿಲ್ಲ. ಟೀ ಕುಡಿಯುವ ಡ್ರೈವರನ್ನೂ ಎಬ್ಬಿಸಿದ್ದೇನೆ, ದೇವರ ಪಟಕ್ಕೆ ಹೂವು ಮುಡಿಸುತ್ತಿದ್ದವನನ್ನೂ ಬಿಟ್ಟಿಲ್ಲ. ಒಮ್ಮೆ ನೆಂಟರ ಮದುವೆಯಲ್ಲಿ ಪುರೋಹಿತರು ಮಂತ್ರ ಎಳೆಯುತ್ತಿದ್ದಾಗ "ಎತ್ತಿ ಸ್ವಾಮಿ, ಟೈಮಾಯ್ತು" ಎಂದುಬಿಟ್ಟೆ. ಹೆಣ್ಣಿನ ಕಡೆಯವರು ಇವತ್ತಿಗೂ ನನ್ನನ್ನು ಮಾತಾಡಿಸುವುದಿಲ್ಲ. ಸಾವಿನ ಮನೆಯಲ್ಲಿ ಮಾತ್ರ ನನ್ನ ಮಾತು ಯಾರಿಗೂ ತಪ್ಪಾಗಿ ಕಂಡಿಲ್ಲ. ಅಲ್ಲಿಯೂ ಎತ್ತುವುದೇ ತಾನೇ.

ನನ್ನ ಮಗ ಮಹೇಶ ಹೋದದ್ದು ಮೋಟಾರ್ ಬೈಕಿನಲ್ಲಿ. ಬೈಕು ಕೊಡಿಸಿದವನು ನಾನು. ಡಿಸೆಂಬರಿನ ಒಂದು ಬೆಳಗ್ಗೆ, ಎದುರಿಗೆ ನಿಂತವರ ಮುಖ ಕಾಣದಷ್ಟು ಮಂಜು. ಪಾಂಡವಪುರದ ಕಡೆ ಪರೀಕ್ಷೆಗೆ ಹೊರಟಿದ್ದ. ಮುಂದೆ ಹೋಗುತ್ತಿದ್ದ ಕಬ್ಬಿನ ಗಾಡಿ ಅವನಿಗೆ ಕಾಣಲಿಲ್ಲ. ಇದಕ್ಕಿಂತ ಹೆಚ್ಚಿಗೆ ಬರೆಯುವ ಶಕ್ತಿ ನನಗಿಲ್ಲ. ಅಂದಿನಿಂದ ಎರಡು ಚಕ್ರದ ಯಾವುದೂ ನಮ್ಮ ಮನೆಯ ಹೊಸಿಲ ಹತ್ತಿರ ಸುಳಿಯಲಿಲ್ಲ. ಮೂಲೆಯಲ್ಲಿದ್ದ ಸೈಕಲ್ಲನ್ನೂ ಯಾರಿಗೋ ಕೊಟ್ಟುಬಿಟ್ಟೆ.

ಹೀಗಿರುವಾಗ ಮಗಳು ಸುಮಿತ್ರ ದನದ ಡಾಕ್ಟರಾದಳು. ನಾಗಮಂಗಲದ ರಸ್ತೆಯಲ್ಲಿರುವ ಹಳ್ಳಿಯೊಂದರ ಪಶು ಆಸ್ಪತ್ರೆಗೆ ಹಾಕಿದರು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಸುತ್ತಲ ಹತ್ತಾರು ಹಳ್ಳಿಗಳಿಗೆ ಕರೆದಾಗ ಹೋಗಬೇಕು. "ಬಸ್ಸಿನಲ್ಲಿ ಹೋಗವ್ವ, ನನ್ನ ಬಸ್ಸೆಲ್ಲ ಟೈಮಿಗೆ ಸರಿಯಾಗಿ ಹೊರಡುತ್ತವೆ" ಎಂದೆ.

"ಎಮ್ಮೆ ಈಯೋದು ನಿನ್ನ ಬಸ್ ಟೈಮ್ ಕೇಳ್ಕಂಡಾ ಅಪ್ಪ? ಒಂದು ಸ್ಕೂಟರ್ ಕೊಡ್ಸು" ಎಂದಳು.

ಸ್ಕೂಟರ್ ಎಂಬ ಮಾತು ಕೇಳಿ ನನ್ನ ಹೆಂಡತಿ ರಾಜಮ್ಮ ಒಲೆಯ ಮೇಲಿದ್ದ ಹಾಲು ಉಕ್ಕಲು ಬಿಟ್ಟು ಹಿತ್ತಿಲಿಗೆ ಹೋಗಿ ಕೂತಳು. ಮೂರನೆಯ ದಿನ, ನಾಲ್ಕು ಚಕ್ರ ಇದ್ದರೆ ಸರಿ ಎಂದು ನಾನೇ ಸೋತೆ. ಪಿ.ಎಫ್.ನಲ್ಲಿ ಕೈಗೆ ಬಂದದ್ದಕ್ಕೆ ಹೊಸ ಕಾರಿನ ಬಾಗಿಲೂ ಬರುತ್ತಿರಲಿಲ್ಲ. ಆದರೆ ಓಡದ ಕಾರು ಓಡುವ ಕಾರಿಗಿಂತ ಸೋವಿ ಎಂಬುದು ನನಗೆ ದೊಡ್ಡ ಸಮಾಧಾನ.

ಪಾಂಡವಪುರದಲ್ಲಿ ಒಬ್ಬರು ತಮ್ಮ ಮಾರುತಿ ತೋರಿಸಿ, "ಎಂಬತ್ತಲ್ಲಿ ಓಗ್ತಿದ್ರೂ ಗೊತ್ತೇ ಆಗಕ್ಕಿಲ್ಲ ಸಾ" ಎಂದು ಎದೆಯುಬ್ಬಿಸಿದರು. ಗೊತ್ತೇ ಆಗದೆ ಹೋಗುವುದು ಹೇಗೆಂದು ನನಗೆ ಗೊತ್ತಿತ್ತು, ಕೈಮುಗಿದು ಬಂದೆ. ಕೊನೆಗೆ ಶ್ರೀರಂಗಪಟ್ಟಣದ ಬ್ರೋಕರ್ ಅಸ್ಲಂ, ಮನೆಯ ಹಿಂದೆ ಸೀಬೆ ಮರದ ಕೆಳಗೆ ನಿಂತಿದ್ದ ಒಂದು ಅಂಬಾಸಿಡರ್ ತೋರಿಸಿದ. ಹಿಂದಿನ ಯಾರೋ ಅದರ ಎಂಜಿನ್ ಕಿತ್ತು ಬೇರೆ ಯಾವುದೋ ಡೀಸೆಲ್ ಎಂಜಿನ್ ಕೂರಿಸಿದ್ದರು. ಸಣ್ಣ ಉಬ್ಬಿನಲ್ಲೂ ಅದು ಉಬ್ಬಸದ ಮುದುಕನಂತೆ ನಿಂತು ನಿಂತು ಏರಿತು. ಅಸ್ಲಂ ಓಡಿಸುತ್ತಿದ್ದ, ನಾನು ಪಕ್ಕದಲ್ಲಿ ಕೂತು ಸಂತೋಷದಿಂದ ಸ್ಪೀಡಿನ ಮುಳ್ಳನ್ನೇ ನೋಡುತ್ತಿದ್ದೆ. ಮೂವತ್ತೈದು ದಾಟಲಿಲ್ಲ.

"ಅರೇ ಸಾರ್, ಪಿಕಪ್ ಸ್ವಲ್ಪ ಕಮ್ಮಿ" ಎಂದು ಅಸ್ಲಂ ನಾಚಿಕೊಂಡ.

"ಇನ್ನೂ ಕಮ್ಮಿ ಮಾಡಿಸಬಹುದಾ?" ಎಂದೆ.

ಪಾಪ, ಅವನು ನನ್ನ ಮುಖವನ್ನೇ ನೋಡಿದ. ಇಪ್ಪತ್ತು ವರ್ಷದ ವ್ಯಾಪಾರದಲ್ಲಿ ಗಾಡಿಯ ಐಬನ್ನು ಮೆಚ್ಚಿ ಕೊಂಡ ಗಿರಾಕಿ ನಾನೊಬ್ಬನೇ ಇರಬೇಕು. ಸುಮಿತ್ರಳನ್ನು ಕರೆಸಿಕೊಂಡು, ಗಂಜಾಂನ ನಿಮಿಷಾಂಬೆಯ ಮುಂದೆ ಪೂಜೆ ಮಾಡಿಸಿ, ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು ಇಟ್ಟೆವು. ಊರಿಗೆ ಬರುವ ದಾರಿಯಲ್ಲಿ ಕಬ್ಬು ತುಂಬಿದ ಟ್ರಾಕ್ಟರೊಂದು ನಮ್ಮನ್ನು ಹಿಂದೆ ಹಾಕಿ ಹೋಯಿತು. ಓಡಿಸುತ್ತಿದ್ದ ಸುಮಿತ್ರಳ ಮುಖ ಸಣ್ಣದಾಯಿತು. ನನಗೆ ಎಷ್ಟೋ ವರ್ಷದ ಮೇಲೆ ನೆಮ್ಮದಿಯಾಗಿ ಆಕಳಿಕೆ ಬಂತು.

ಒಂದು ತಿಂಗಳು ಕಳೆಯಿತು. ವಾರದ ರಜೆಯಲ್ಲಿ ನಾನೂ ಅವಳ ಪಕ್ಕದಲ್ಲಿ ಕೂತು ಹೋಗುತ್ತಿದ್ದೆ. ಎಷ್ಟು ನಿಧಾನ, ಎಷ್ಟು ಜೋಪಾನ! ಮುಂದೆ ದನವೋ ಕುರಿಯೋ ಕಂಡರೆ ಫರ್ಲಾಂಗು ದೂರದಿಂದಲೇ ಕಾಲನ್ನು ಬ್ರೇಕಿನ ಮೇಲೆ ಒತ್ತಿ ಒತ್ತಿ ಬಿಡುತ್ತಿದ್ದಳು. "ನಿನ್ನ ಮಗಳು ಓಡಿಸುವುದನ್ನು ನಮ್ಮ ಡ್ರೈವರುಗಳು ನೋಡಿ ಕಲಿಯಬೇಕು" ಎಂದು ರಾಜಮ್ಮನಿಗೆ ಹೇಳಿದೆ. ಆ ರಾತ್ರಿ ಅವಳು ಎರಡು ಮುದ್ದೆ ಉಂಡಳು.

ಆಮೇಲೆ ಒಂದು ಭಾನುವಾರ ಸಂಜೆ ಕರೀಗೌಡ ಎಂಬ ರೈತ ಯಾರದೋ ಲೂನಾ ಮೊಪೆಡ್ಡಿನ ಹಿಂದೆ ಕೂತು ಬಂದು, ಬೀದಿಯ ತುದಿಯಲ್ಲಿ ಇಳಿದು ನಮ್ಮ ಮನೆಗೆ ಓಡಿ ಬಂದ. ಬೆವರು ಸುರಿಯುತ್ತಿತ್ತು. "ಅವ್ವಾ, ಡಾಕ್ಟ್ರವ್ವಾ, ಕರ ಅಡ್ಡ ಸಿಕ್ಕಾಕಂಡದೆ. ಮಧ್ಯಾನ್ದಿಂದ ಮುಕ್ಕುರೀತಾ ಅದೆ ಅಸ. ಮನೆ ನಡೀತಿರೋದೇ ಅದರ ಆಲಲ್ಲಿ ಕಣವ್ವಾ" ಎಂದು ಬಾಗಿಲಲ್ಲೇ ಕುಸಿದು ಕೂತ. ಸುಮಿತ್ರ ಚೀಲ ಎತ್ತಿಕೊಂಡಳು. ಅವನನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಮೂವರೂ ಹೊರಟೆವು.

ನಾನು ಆರಿಸಿ ಆರಿಸಿ ತಂದ ಕಾರು ಅಂದು ತನ್ನ ಗುಣವನ್ನೆಲ್ಲ ತೋರಿಸಿತು. ಮೊದಲ ಉಬ್ಬಿನಲ್ಲಿ ಸೈಕಲ್ಲಿನವನೊಬ್ಬ ನಮ್ಮ ಜೊತೆಜೊತೆಗೇ ಬಂದ. ಹಿಂದಿನಿಂದ ಕರೀಗೌಡ, "ಸ್ವಾಮಿ, ಒಸಿ ಬಿರ್ನೆ, ಒಸಿ ಬಿರ್ನೆ" ಎಂದು ಗೋಗರೆಯುತ್ತಿದ್ದ. ಹೇಗೋ ಉಬ್ಬು ಹತ್ತಿದೆವು. ಎದುರಿಗೆ ಉದ್ದದ ಇಳುಕಲು, ರಸ್ತೆ ಖಾಲಿ. ಅಲ್ಲಿಯೂ ಅವಳು ಗೇರು ಇಳಿಸಿ, ಇಪ್ಪತ್ತರಲ್ಲಿ ತೆವಳಿಸಿಕೊಂಡು ಹೊರಟಳು. ನನಗೆ ತಡೆಯಲಾಗಲಿಲ್ಲ.

"ಎತ್ತು, ಎತ್ತು, ಟೈಮಾಯ್ತು!" ಎಂದು ಕೂಗಿಬಿಟ್ಟೆ.

ಕೂಗಿದ ಮೇಲೆ ಅದು ನನಗೇ ಕೇಳಿಸಿತು. ಆ ಮಂಜಿನ ಬೆಳಗ್ಗೆ ನಮ್ಮ ಮನೆಯ ಗೇಟಿನಲ್ಲಿ, ಮಂಜು ಕರಗಲಿ ಅಪ್ಪ ಎಂದು ನಿಂತಿದ್ದ ಮಹೇಶನಿಗೂ ನಾನು ಇದನ್ನೇ ಹೇಳಿದ್ದೆ. ಒಂದಕ್ಷರ ಹೆಚ್ಚಿಲ್ಲ, ಕಮ್ಮಿಯಿಲ್ಲ. ಅಂದು ಸುಮಿತ್ರ ಅಲ್ಲೇ ಜಗಲಿಯ ಮೇಲೆ ಹಲ್ಲುಜ್ಜುತ್ತಾ ನಿಂತಿದ್ದಳು. ಏಳು ವರ್ಷ ನಾನು ಬೈಕನ್ನು ಬೈದೆ, ಮಂಜನ್ನು ಬೈದೆ, ಕಬ್ಬಿನ ಗಾಡಿಯವನನ್ನು ಬೈದೆ. ಅವಳು ಒಂದು ದಿನವೂ ಬಾಯಿಬಿಟ್ಟವಳಲ್ಲ. ಈಗಲೂ ಆ ವಿಷಯ ಎತ್ತಲಿಲ್ಲ. ರಸ್ತೆಯ ಮೇಲಿಂದ ಕಣ್ಣು ತೆಗೆಯದೆ, ಕರೀಗೌಡನಿಗೆ ಕೇಳಿಸದಂತೆ ಮೆಲ್ಲಗೆ ಹೇಳಿದಳು:

"ಉಬ್ಬಲ್ಲಿ ಗಾಡಿ ಓಡಕ್ಕಿಲ್ಲ ಅಪ್ಪ, ಇಳುಕ್ಲಲ್ಲಿ ನಾನು ಓಡ್ಸಕ್ಕಿಲ್ಲ. ಬ್ರೇಕು ಸರಿಗಿಲ್ಲ. ನಾಕು ಸಲ ಒತ್ತುದ್ರೆ ಒಂದು ಸಲ ಇಡೀತದೆ."

ನಾನು ಅವಳ ಕಾಲಿನ ಕಡೆ ನೋಡಿದೆ. "ಯಾವತ್ತಿಂದ?"

"ತಂದ ದಿನದಿಂದ."

"ಯಾಕವ್ವ ಹೇಳಲಿಲ್ಲ?"

"ಏಳುದ್ರೆ ಗಾಡಿ ಮಾರ್ಬುಡ್ತಿದ್ದೆ. ಆಮೇಲೆ ಕೆಲ್ಸಾನೂ ಬುಡು ಅಂತಿದ್ದೆ. ಈ ಊರಲ್ಲಿ ಯಾವ ಮೆಕ್ಯಾನಿಕ್ ತಾವ ಓದ್ರೂ ನಿಂಗೆ ಸುದ್ದಿ ಬತ್ತದೆ."

ಅವಳು ಹೇಳಿದ್ದು ಸುಳ್ಳಲ್ಲ. ನಾನು ಖಂಡಿತ ಹಾಗೆಯೇ ಮಾಡುತ್ತಿದ್ದೆ. ನನ್ನ ಭಯಕ್ಕೆ ಹೆದರಿ ಮಗಳು ಒಂದು ತಿಂಗಳು ಬ್ರೇಕಿಲ್ಲದ ಗಾಡಿ ಓಡಿಸಿದ್ದಳು. ನಾನು ಪಕ್ಕದಲ್ಲಿ ಕೂತು ಶಹಭಾಸ್ ಹೇಳಿದ್ದೆ.

ಕರೀಗೌಡನ ಕೊಟ್ಟಿಗೆ ಸೇರುವ ಹೊತ್ತಿಗೆ ಹಸು ಮಲಗಿಬಿಟ್ಟಿತ್ತು. ಸುಮಿತ್ರ ಭುಜದವರೆಗೆ ಕೈ ಹಾಕಿ ಕರುವನ್ನು ತಿರುಗಿಸಿ ಎಳೆದಳು. ಕರು ಸತ್ತಿತ್ತು, ಹಸು ಉಳಿಯಿತು. ಕರೀಗೌಡ ಅವಳ ಕೈಗೆ ನೀರು ಹುಯ್ಯುತ್ತಾ, "ಅಸ ಉಳ್ಸುದ್ರಲ್ಲ, ಅಷ್ಟೇ ಸಾಕು ಕಣವ್ವಾ. ಇನ್ನೊಂದು ಗಳಿಗೆ ಮೊದ್ಲು ಬಂದಿದ್ರೆ..." ಎಂದವನು ನನ್ನನ್ನು ನೋಡಿ ಮಾತು ನುಂಗಿಕೊಂಡ. ಅವನು ಬೈದಿದ್ದರೆ ವಾಸಿಯಿತ್ತು.

ಮಾರನೆಯ ದಿನ ಡ್ಯೂಟಿಗೆ ರಜೆ ಹಾಕಿ ಮಗಳ ಜೊತೆ ಮೆಕ್ಯಾನಿಕ್ ಹತ್ತಿರ ಹೋದೆ. ಗಾಡಿಯ ಕೆಳಗೆ ತೂರಿದವನು ಸ್ವಲ್ಪ ಹೊತ್ತಿನ ಮೇಲೆ ಬರಿಯ ತಲೆಯನ್ನು ಹೊರಗೆ ಹಾಕಿದ. "ಅಲ್ಲಾ ಸಾ, ಸರ್ವೀಸೆಲ್ಲ ಬಸ್‌ಸ್ಟ್ಯಾಂಡಲ್ಲೇ ಸವೆಸಿದ್ದೀರಿ. ಈ ಯಮನ್ನ ಯಾರು ಸಾ ನೋಡಿ ತಕ್ಕಂಡಿದ್ದು?"

ಬ್ರೋಕರನ ಹೆಸರು ಹೇಳಿ ಜಾರಿಕೊಳ್ಳೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಸುಮಿತ್ರ ಹೇಳಿದಳು:

"ನಮ್ಮಪ್ಪಾನೇ. ಮಗಳಿಗೆ ಏನೂ ಆಗ್ಬಾರ್ದು ಅಂತ ಮೂರು ತಿಂಗ್ಳು ಉಡುಕಿ ತಂದ್ರು."

ಅವಳು ನಗುತ್ತಾ ಹೇಳಿದ್ದರೆ ನಾನೂ ನಕ್ಕುಬಿಡುತ್ತಿದ್ದೆ. ಅವಳು ನಗಲಿಲ್ಲ.