ನಾನೇ ನಿಲ್ಲಿಸಿದ ರಸ್ತೆ

ನಮ್ಮ ವಂಶದಲ್ಲಿ ಬಿ.ಎ. ಪಾಸಾದ ಮೊದಲ ಪ್ರಾಣಿ ನಾನು. ಹಿಂದೂಪುರದಿಂದ ಕಲ್ಯಾಣದುರ್ಗದ ಕಡೆ ಹೋಗುವ ರಸ್ತೆ ಅಗಲ ಮಾಡಲು ಸರ್ಕಾರದ ಜೆಸಿಬಿ ನಮ್ಮೂರಿಗೆ ಬಂದಾಗ, ಎದುರುಮನೆಯ ಸರ್ಪಂಚ್ ಹನುಮಂತಪ್ಪ ಮಾವ ನೇರ ನನ್ನ ಬಳಿಗೇ ಬಂದರು.

"ನಮ್ಮನ್ನ ಒಂದ್ ಮಾತೂ ಕೇಳ್ದಂಗೆ ಅಗೀತಾವ್ರಲ್ಲಪ್ಪ! ಓದ್ದೋನು ನೀನು, ಏನಾದ್ರೂ ಮಾಡು ಕಣಪ್ಪ."

ಮಾಡಿದೆ! ಪಂಚಾಯ್ತಿ ಸದಸ್ಯರೆಲ್ಲ ಕೂತು ಒಪ್ಪದ ಹೊರತು ಊರೊಳಗೆ ಯಾರೂ ಒಂದು ಪುಟ್ಟಿ ಮಣ್ಣು ತೆಗೆಯಕೂಡದು, ಹಾಕಲೂ ಕೂಡದು ಎಂದು ಠರಾವು ಬರೆದುಕೊಟ್ಟೆ. ನನಗೆ ಹಾರ ಹಾಕುವುದೊಂದು ಬಾಕಿ.

ರಸ್ತೆ ಕೆಲಸದ ತೆಲುಗು ಇಂಜಿನಿಯರ್ ಓದಿದರು. ನಕ್ಕರು. "ಸರೆ ಸಾರ್" ಎಂದು ಜೆಸಿಬಿಯನ್ನು ಮುಂದಿನ ಊರಿಗೆ ಕಳಿಸಿಬಿಟ್ಟರು. ಚರಂಡಿಗೆಂದು ತೋಡಿದ ಗುಂಡಿ ಅಷ್ಟರಲ್ಲಿ ಎಲ್ಲಿಗೆ ಬಂದಿತ್ತು? ನನ್ನ ಬಾಗಿಲಿಗೆ!

ಭಾನುವಾರ ತಂಗಿ ಸುಜಾತಳನ್ನು ನೋಡಲು ಕಲ್ಯಾಣದುರ್ಗದವರು ಬರುವವರಿದ್ದರು. ಮದುವೆಯಾದ ಮೇಲೂ ಬಿ.ಇಡಿ. ಓದಿಸುತ್ತೇವೆ ಎಂದಿದ್ದ ಒಂದೇ ಒಂದು ಸಂಬಂಧ.

"ಹಲಗೆ ಹಾಕಿದ್ರಾಯ್ತು" ಎಂದೆ.

"ಹೆಣ್ಣು ನೋಡೋಕೆ ಬರೋರು ಅಗೆದ ಗುಂಡಿ ದಾಟ್ತಾರೇನ್ರೀ? ಅಪಶಕುನ ಅಂತ ಹಂಗೇ ತಿರುಗ್ಕೊಂಡು ಹೋಯ್ತಾರೆ!" ಎಂದಳು ಹೆಂಡತಿ ರತ್ನ.

ಹಿಂದೂಪುರಕ್ಕೆ ಓಡಿದೆ. ನಮ್ಮ ಮನೆ ಮುಂದೆ ಮಾತ್ರ ಮುಚ್ಚಿಸಿ ಎಂದು ಇಂಜಿನಿಯರಿಗೆ ಕೈಮುಗಿದೆ.

"ಮುಚ್ಚೋಕೆ ಮಣ್ಣು ಹಾಕ್ಬೇಕು. ಹಾಕಕೂಡದು ಅಂತ ಮೀರೇ ರಾಸಾರು ಕದಾ ಸಾರ್, ನೀವೇ ಬರೆದದ್ದಲ್ವಾ? ಪಂಚಾಯ್ತಿ ಪರ್ಮಿಷನ್ ತನ್ನಿ."

ಸರ್ಪಂಚ್ ಬಳಿಗೆ ಓಡಿದೆ.

"ನಾನೊಬ್ನೇ ಹೆಂಗ್ ಕೊಡ್ಲಪ್ಪ? ಎಲ್ಲಾರೂ ಕೂರ್ಬೇಕು ಅಂತ ನೀನೇ ಬರ್ದಿದ್ದೀಯ. ಮೆಂಬರ್‌ಗಳು ಕಡ್ಲೇಕಾಯಿ ಕೀಳೋಕೆ ಹೋಗವ್ರೆ. ಸೋಮವಾರ ನೋಡಾನ."

ಸೋಮವಾರ!

ಭಾನುವಾರ ಬೆಳಗ್ಗೆ ಪದವೀಧರನು ಲುಂಗಿ ಎತ್ತಿ ಕಟ್ಟಿ, ಸನಿಕೆ ಹಿಡಿದು ಗುಂಡಿಗಿಳಿದ. ನಾಲ್ಕು ಪುಟ್ಟಿ ಬಿದ್ದಿರಲಿಲ್ಲ, ಎದುರು ಜಗಲಿಯಿಂದ ಹನುಮಂತಪ್ಪ ಮಾವನ ಗುಡುಗು: "ನಿಲ್ಸಪ್ಪಾ! ಊರಿಗೊಂದು ಠರಾವು, ನಿಂಗೊಂದು ಠರಾವಾ?"

ಆಗಲೇ ಜೀಪು ಬಂತು. ಗಂಡಿನ ತಂದೆ ಗುಂಡಿಯೊಳಗೆ ಬಗ್ಗಿ ನೋಡಿ, "ಏಮಪ್ಪಾ, ಆ ಬಿ.ಎ. ಓದಿರೋರ ಮನೆ ಯಾವ್ದು?" ಎಂದರು.

ನಾನು ಲುಂಗಿ ಕೆಳಗಿಳಿಸಿದೆ. ಬಾಗಿಲಿಂದ ಸುಜಾತ ಹೇಳಿದಳು: "ಅವ್ರೇ ಇವ್ರು. ನೀವು ದಾಟ್ಬೇಡಿ, ಎದುರು ಜಗಲೀಲಿ ಕೂತ್ಕಳಿ. ನಾನೇ ಬತ್ತೀನಿ." ರೇಷ್ಮೆ ಸೀರೆಯ ನೆರಿಗೆ ಒಂದು ಕೈಯಲ್ಲಿ, ಕಾಫಿ ಕ್ಯಾನು ಇನ್ನೊಂದರಲ್ಲಿ. ನನ್ನ ತಲೆಯ ಮೇಲಿಂದಲೇ ಹಾರಿದಳು!

ಹುಡುಗ ಆ ನೆಗೆತಕ್ಕೇ ಒಪ್ಪಿಬಿಟ್ಟ. ಬಿ.ಇಡಿ.ಗೂ ಅಡ್ಡಿಯಿಲ್ಲ. ಗಂಡಿನ ಕಡೆಯವರದು ಒಂದೇ ಷರತ್ತು.

ಲಗ್ನಪತ್ರಿಕೆಯನ್ನು ಹುಡುಗಿಯ ಅಣ್ಣ ಬರೆಯಕೂಡದು!